ಸುಡುಮದ್ದು ದುಂದುವೆಚ್ಚವೇ?



ನಿಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಮುಂಚೆ ಪಾಲನಾ ಮಂಡಳಿಯ ಸಭೆಯಲ್ಲಿ ಖರ್ಚಿನ ಪಟ್ಟಿ ಓದುವುದನ್ನು ನೀವು ಕೇಳಿರಬಹುದು. ಚಪ್ಪರಕ್ಕೆ ಇಷ್ಟು, ವಿದ್ಯುದ್ದೀಪಕ್ಕೆ ಇಷ್ಟು, ಬ್ಯಾಂಡಿನವರಿಗೆ ಇಷ್ಟು, ಊಟಕ್ಕೆ ಇಷ್ಟು. ಯಾರೂ ಏನೂ ಅನ್ನುವುದಿಲ್ಲ. ಸುಡುಮದ್ದಿನ ಸಾಲು ಬಂದ ಕೂಡಲೇ ಯಾರಾದರೊಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಈ ದುಡ್ಡಿನಲ್ಲಿ ಒಂದು ಬಡವರ ಮನೆಗೆ ಹಂಚು ಹೊದೆಸಬಹುದಿತ್ತಲ್ಲ ಎಂದು ಒಬ್ಬರು. ವರ್ಷಕ್ಕೊಂದು ತೆರಾಲಿ, ಮಕ್ಕಳು ಕಾಯುತ್ತಿರುತ್ತಾರೆ, ಅದನ್ನೂ ಬೇಡವೆಂದರೆ ಹೇಗೆ ಎಂದು ಇನ್ನೊಬ್ಬರು. ಕೊನೆಗೆ ಎರಡರ ನಡುವಿನ ಒಂದು ಮೊತ್ತಕ್ಕೆ ರಾಜಿಯಾಗುತ್ತದೆ. ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿದು, ಮುಂದಿನ ವರ್ಷ ಅದೇ ಸಾಲಿನಲ್ಲಿ ಮತ್ತೆ ಎದುರಾಗುತ್ತದೆ.

ಈ ಪ್ರಶ್ನೆ ನನಗೆ ಹೊಸದಾಗಿ ಕಂಡದ್ದು ಹಾಲಾಡಿಯಲ್ಲಿ. ಅಲ್ಲಿಯ ಒಬ್ಬ ಯುವಕ ಟೋಕಿಯೊ ನಗರದಲ್ಲಿ ನೌಕರಿಯಲ್ಲಿದ್ದಾನೆ. ಒಂದು ನವೆಂಬರ್ ತಿಂಗಳಲ್ಲಿ ಸ್ನೇಹಿತರ ಜೊತೆ ತ್ಸುಚಿಯುರಾ ಎಂಬ ಊರಿನ ಸುಡುಮದ್ದು ಹಬ್ಬಕ್ಕೆ ಹೋಗಿದ್ದನಂತೆ. ರಜೆಯಲ್ಲಿ ಊರಿಗೆ ಬಂದಾಗ ಜಗಲಿಯಲ್ಲಿ ಕುಳಿತು ಅಮ್ಮನಿಗೆ ಮೊಬೈಲಿನಲ್ಲಿ ಅದನ್ನೆಲ್ಲ ತೋರಿಸಿದ. ಗಂಡ ತೀರಿಹೋದ ಮೇಲೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಿ ಆಕೆ. ಕೆಂಪು, ಹಸಿರು, ನೀಲಿ ಎಲ್ಲವನ್ನೂ ಕೊನೆಯ ತನಕ ನೋಡಿ ಕೇಳಿದರು: “ಅಷ್ಟ್ ದುಡ್ಡ್ ಸುಟ್ಟದ್ದಲ್ದಾ ಮಗಾ, ಅದ್ರಿಂದ ಯಾರಿಗ್ ಎಂತ ಸಿಕ್ತ್?”

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ನಮ್ಮ ಪಾಲನಾ ಮಂಡಳಿಗಳಿಗೂ ಹೊಳೆದಿಲ್ಲ. ಆದ್ದರಿಂದ ನಾವೂ ಒಮ್ಮೆ ತ್ಸುಚಿಯುರಾಕ್ಕೆ ಹೋಗಿ ನೋಡೋಣ.

ಟೋಕಿಯೊ ನಗರದ ಉಯೆನೊ ನಿಲ್ದಾಣದಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. ಊರು ಕಸುಮಿಗೌರಾ ಎಂಬ ದೊಡ್ಡ ಸರೋವರದ ದಡದಲ್ಲಿದೆ. ಸುತ್ತಲೂ ತಾವರೆ ಗದ್ದೆಗಳು. ಹೂವಿಗಾಗಿ ಅಲ್ಲ, ಕೆಸರಿನೊಳಗಿನ ಗೆಡ್ಡೆಗಾಗಿ. ಜಪಾನಿನಲ್ಲಿ ತಾವರೆ ಗೆಡ್ಡೆ ಅತಿ ಹೆಚ್ಚು ಬೆಳೆಯುವ ಸೀಮೆ ಅದು. ನೀವು ಹೋಗುವ ಹೊತ್ತಿಗೆ ಭತ್ತದ ಕೊಯ್ಲು ಮುಗಿದು ಗದ್ದೆ ಬರಿದಾಗಿರುತ್ತದೆ, ನಮ್ಮಲ್ಲಿ ದೀಪಾವಳಿಯ ಹೊತ್ತಿಗೆ ಆಗುವ ಹಾಗೆ. ಹಬ್ಬ ನಡೆಯುವುದು ಸಾಕುರಾ ಎಂಬ ಹೊಳೆಯ ಬದಿಯಲ್ಲಿ. ಲಕ್ಷಗಟ್ಟಲೆ ಜನ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಚಳಿಗೆ ಹೊದ್ದುಕೊಂಡು ಕುಳಿತಿರುತ್ತಾರೆ. ಸುಮಾರು ಎರಡೂವರೆ ಗಂಟೆಯಲ್ಲಿ 20,000ದಷ್ಟು ಗುಂಡುಗಳು ಮೇಲೇರುತ್ತವೆ.

ಆದರೆ ಹುಡುಗ ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಈ ದೊಡ್ಡ ಸಂಖ್ಯೆಗಳಲ್ಲ. ಅದೊಂದು ಸ್ಪರ್ಧೆ. ಜಪಾನಿನ ಬೇರೆಬೇರೆ ಕಡೆಗಳಿಂದ ಸುಡುಮದ್ದು ತಯಾರಕರು ತಮ್ಮ ಕೈಕೆಲಸವನ್ನು ತರುತ್ತಾರೆ. ಒಂದು ವಿಭಾಗದಲ್ಲಿ ಒಬ್ಬೊಬ್ಬರಿಗೆ ಒಂದೇ ಗುಂಡು. ಸುಮಾರು 30 ಸೆಂಟಿಮೀಟರ್ ಅಗಲದ ಕಾಗದದ ಗುಂಡು ಅದು, ಆಕಾಶದಲ್ಲಿ ಬಿರಿದಾಗ 300 ಮೀಟರ್‌ನಷ್ಟು ಹರಡುತ್ತದೆ. ಮೊದಲು ಧ್ವನಿವರ್ಧಕದಲ್ಲಿ ತಯಾರಕರ ಹೆಸರು, ಊರು, ಅವರು ಆ ಗುಂಡಿಗೆ ಇಟ್ಟ ಹೆಸರು ಓದುತ್ತಾರೆ. ಜನ ಮಾತು ನಿಲ್ಲಿಸುತ್ತಾರೆ. ಬೆಳಕಿನ ಒಂದು ಗೆರೆ ಏರುತ್ತದೆ, ಅರಳುತ್ತದೆ, ಮುಗಿಯಿತು. ಗುಂಡು ಸರಿಯಾಗಿ ದುಂಡಗೆ ಅರಳಿತೇ, ಬಣ್ಣ ಬದಲಾಗುವಾಗ ಎಲ್ಲ ಕಿಡಿಗಳೂ ಒಟ್ಟಿಗೆ ಬದಲಾದವೇ, ಆರುವಾಗ ಒಟ್ಟಿಗೆ ಆರಿದವೇ ಎಂದು ತೀರ್ಪುಗಾರರು ನೋಡುತ್ತಾರೆ. ಕಿಡಿ ಹೇಗೆ ಹೊತ್ತಿತು ಎಂಬುದಕ್ಕಷ್ಟೇ ಅಲ್ಲ, ಹೇಗೆ ಆರಿತು ಎಂಬುದಕ್ಕೂ ಅಂಕ!

ಆ ಕೆಲವು ಕ್ಷಣಗಳಿಗಾಗಿ ಎಷ್ಟು ದುಡಿಮೆ ಗೊತ್ತೇ? ಗುಂಡಿನೊಳಗೆ ‘ನಕ್ಷತ್ರ’ ಎಂದು ಕರೆಯುವ ಸಣ್ಣ ಉಂಡೆಗಳಿರುತ್ತವೆ. ಕಾಳಿನಷ್ಟು ಚಿಕ್ಕದಾದ ತಿರುಳಿಗೆ ಮದ್ದಿನ ಹುಡಿಯನ್ನು ಒಂದು ಪದರ ಹಚ್ಚಿ ಬಿಸಿಲಿಗೆ ಒಣಗಿಸಬೇಕು, ಒಣಗಿದ ಮೇಲೆ ಇನ್ನೊಂದು ಪದರ, ಮತ್ತೆ ಬಿಸಿಲು. ಹೀಗೆ ದಿನಗಟ್ಟಲೆ, ವಾರಗಟ್ಟಲೆ. ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ. ಯಾವ ಪದರ ಎಷ್ಟು ದಪ್ಪ ಎಂಬುದರ ಮೇಲೆ ಬಣ್ಣ ಯಾವ ಗಳಿಗೆಯಲ್ಲಿ ಬದಲಾಗುವುದೆಂಬುದು ನಿಂತಿದೆ. ಆ ಉಂಡೆಗಳನ್ನು ಕೈಯಿಂದಲೇ ಸಾಲಾಗಿ ಜೋಡಿಸಿ, ಹೊರಗೆ ಕಾಗದವನ್ನು ಪದರ ಪದರವಾಗಿ ಅಂಟಿಸುತ್ತಾರೆ. ಜಪಾನಿ ಭಾಷೆಯಲ್ಲಿ ಸುಡುಮದ್ದಿಗೆ ‘ಹನಾಬಿ’ ಎನ್ನುತ್ತಾರೆ. ಹನಾ ಎಂದರೆ ಹೂವು, ಬಿ ಎಂದರೆ ಬೆಂಕಿ.

ಇಷ್ಟೆಲ್ಲ ಹೇಳಿದರೂ ಹಾಲಾಡಿಯ ತಾಯಿಯ ಪ್ರಶ್ನೆ ಹಾಗೆಯೇ ಇದೆ. ಇನ್ನೂ ಬಿಗಿಯಾಯಿತು ಎಂದೇ ಹೇಳಬೇಕು. ವಾರಗಟ್ಟಲೆ ದುಡಿದು ಕ್ಷಣದಲ್ಲಿ ಸುಟ್ಟರೆ ಅದು ದುಡ್ಡಿನ ದುಂದು ಮಾತ್ರವೇ? ದುಡಿಮೆಯ ದುಂದೂ ಅಲ್ಲವೇ?

ಈಗ ಈ ಹಬ್ಬದ ಹುಟ್ಟನ್ನು ಕೇಳಿ. 1925ರಲ್ಲಿ ಇದನ್ನು ಶುರುಮಾಡಿದವರು ಒಬ್ಬ ಬೌದ್ಧ ಗುರುಗಳು. ತ್ಸುಚಿಯುರಾದ ಜಿನ್ರಿಯೂಜಿ ದೇವಾಲಯದ ಅಕಿಮೊತೊ ಎಂಬವರು. ಸರೋವರದ ಬಳಿ ಆಗ ನೌಕಾಪಡೆಯ ವಿಮಾನ ತರಬೇತಿಯ ನೆಲೆಯಿತ್ತು. ಹಾರಾಟದಲ್ಲಿ ಸತ್ತ ಯುವಕರ ಆತ್ಮಶಾಂತಿಗಾಗಿ, ಕೊಯ್ಲು ಮುಗಿಸಿದ ರೈತರ ದುಡಿಮೆಗೆ ಕೃತಜ್ಞತೆಯಾಗಿ, ವ್ಯಾಪಾರವಿಲ್ಲದೆ ಸೊರಗಿದ್ದ ಊರಿನ ಅಂಗಡಿಗಳಿಗೆ ಒಂದಿಷ್ಟು ಚೇತನ ಬರಲೆಂದು ಆ ಗುರುಗಳು ತಮ್ಮ ಸ್ವಂತ ಹಣ ಹಾಕಿ ಸುಡುಮದ್ದು ಹಾರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತದ್ದು 1946ರಲ್ಲಿ ಮತ್ತೆ ಶುರುವಾಯಿತು. ಸೋತು ಸುಣ್ಣವಾಗಿದ್ದ ದೇಶ, ಹೊಟ್ಟೆಗೇ ಕಷ್ಟವಿದ್ದ ಕಾಲ ಅದು. ಹಿಂದೆ ಅಕ್ಟೋಬರ್‌ನಲ್ಲಿ ಆಗುತ್ತಿದ್ದ ಹಬ್ಬ ಈಗ ನವೆಂಬರ್ ತಿಂಗಳ ಮೊದಲ ಶನಿವಾರಕ್ಕೆ ಬಂದಿದೆ. ನವೆಂಬರ್ 2ರಂದು ನಾವು ಇಗರ್ಜಿಯ ಪಕ್ಕದ ಸ್ಮಶಾನದಲ್ಲಿ ಗೋರಿಗಳ ಹುಲ್ಲು ಕಿತ್ತು, ಸೇವಂತಿಗೆ ಇಟ್ಟು, ಮೇಣದ ಬತ್ತಿ ಹಚ್ಚುತ್ತೇವಲ್ಲ, ಹೆಚ್ಚುಕಡಿಮೆ ಅದೇ ವಾರ.

ಸೇವಂತಿಗೆ ಎಂದಾಗ ಇನ್ನೊಂದು ಊರಿನ ನೆನಪಾಗುತ್ತದೆ. ನಾಗಾವೊಕಾ ಎಂಬ ಪಟ್ಟಣದ ಮೇಲೆ 1945ರ ಆಗಸ್ಟ್ 1ರ ರಾತ್ರಿ 10.30ಕ್ಕೆ ಬಾಂಬುಗಳು ಬೀಳತೊಡಗಿದವು. 1,480ಕ್ಕೂ ಹೆಚ್ಚು ಜನ ಸತ್ತರು. ಈಗ ಪ್ರತಿ ವರ್ಷ ಅದೇ ರಾತ್ರಿ, ಅದೇ ಗಳಿಗೆಗೆ, ಬಿಳಿಯ ಸುಡುಮದ್ದು ಹಾರಿಸುತ್ತಾರೆ. ಬೇರೆ ಬಣ್ಣವಿಲ್ಲ. ಅದರ ಹೆಸರು ‘ಬಿಳಿ ಸೇವಂತಿಗೆ’. ಅಲ್ಲಿಯೂ ಸತ್ತವರಿಗೆ ಇಡುವ ಹೂವು ಅದೇ. ಅದನ್ನು ರೂಪಿಸಿದ ಕಾಸೆ ಸೆಯ್ಜಿ ಎಂಬ ಕುಶಲಕರ್ಮಿ ಯುದ್ಧದ ನಂತರ ಸೈಬೀರಿಯಾದಲ್ಲಿ ಸೆರೆಯಲ್ಲಿದ್ದವರು. ಜೊತೆಗಿದ್ದ ಎಷ್ಟೋ ಮಂದಿ ಅಲ್ಲಿಯೇ ಸತ್ತರು. 1990ರಲ್ಲಿ ಅವರು ರಷ್ಯಾದ ಖಬರೋವ್‌ಸ್ಕ್ ನಗರಕ್ಕೆ ಹೋಗಿ, ಆ ಗೆಳೆಯರಿಗಾಗಿ ಅಮೂರ್ ನದಿಯ ಮೇಲೆ ಈ ಬಿಳಿ ಹೂವನ್ನು ಅರಳಿಸಿದರು. 2015ರ ಆಗಸ್ಟ್ 15ರಂದು ನಾಗಾವೊಕಾದವರು ಅದೇ ಹೂವನ್ನು ಪರ್ಲ್ ಹಾರ್ಬರಿನಲ್ಲೂ ಅರಳಿಸಿದರು. ಯಾವ ಯುದ್ಧದಲ್ಲಿ ತಮ್ಮ ಊರು ಉರಿದುಹೋಯಿತೋ ಅದನ್ನು ತಮ್ಮ ದೇಶವೇ ಅಮೆರಿಕದ ಮೇಲೆ ಶುರುಮಾಡಿದ ಜಾಗ ಅದು. ಬಾಂಬಿನಲ್ಲಿರುವುದೂ ಮದ್ದು, ಇದರಲ್ಲಿರುವುದೂ ಮದ್ದು.

ಹುಡುಗ ಈ ತ್ಸುಚಿಯುರಾದ ಗುರುಗಳ ಕಥೆಯನ್ನು ಮರುದಿನ ಅಮ್ಮನಿಗೆ ಹೇಳಿದನಂತೆ. ಆಕೆ ಕರಗಿಹೋದರು ಎಂದು ನೀವು ಎಣಿಸಿದರೆ ತಪ್ಪು. “ಸತ್ತರಿಗೆ ಒಂದ್ ಪೂಜಿ ಹೇಳ್ಸ್ರೆ ಸಾಲ್ದಾ?” ಎಂದು ಕೇಳಿ ಒಳಗೆ ಹೋದರಂತೆ.

ಸಾಕು. ಖಂಡಿತವಾಗಿ ಸಾಕು. ನಮ್ಮ ವಿಶ್ವಾಸದ ಪ್ರಕಾರ ಸತ್ತವರಿಗೆ ಪೂಜೆಗಿಂತ ಹೆಚ್ಚಿನದು ಏನೂ ಬೇಕಿಲ್ಲ. ಆದರೆ ಆ ತಾಯಿಯೇ ಗಂಡನ ವರ್ಷದ ಪೂಜೆ ಮುಗಿದ ಮೇಲೆ ಗೋರಿಗೆ ಹೂವು ಇಡದೆ ಮನೆಗೆ ಬರುತ್ತಾರೆಯೇ? ಆ ಹೂವು ಸಂಜೆಗೆ ಬಾಡುತ್ತದೆ. ಅದರಿಂದ ಯಾರಿಗೆ ಏನು ಸಿಕ್ಕಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಾಲಾಡಿಯ ಗದ್ದೆ ಬಯಲಿನಲ್ಲಿ ದೀಪಾವಳಿಯ ಸಂಜೆ ನಮ್ಮ ಹಿಂದೂ ನೆರೆಯವರು ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಆ ದೀಪದಿಂದ ಭತ್ತದ ಇಳುವರಿ ಹೆಚ್ಚುವುದಿಲ್ಲವೆಂದು ಅವರಿಗೆ ಗೊತ್ತಿಲ್ಲವೇ? ಸಾಕಷ್ಟನ್ನು ಮಾಡಿದ ಮೇಲೂ ಮನುಷ್ಯನ ಕೈ ಇನ್ನೊಂದಿಷ್ಟಕ್ಕಾಗಿ ತಡಕುತ್ತದೆ. ಪ್ರೀತಿಗೂ ದುಃಖಕ್ಕೂ ಲೆಕ್ಕದ ಪುಸ್ತಕ ಇಡುವ ಅಭ್ಯಾಸವಿಲ್ಲ.

ಬೆಥಾನಿಯ ಮನೆಯಲ್ಲಿ ನಡೆದದ್ದು ನಿಮಗೆ ನೆನಪಿದೆ. ಒಬ್ಬ ಸ್ತ್ರೀ ಬಹು ಬೆಲೆಯ ಸುಗಂಧತೈಲವನ್ನು ಯೇಸುಸ್ವಾಮಿಗೆ ಸುರಿದಾಗ, ಇದನ್ನು 300 ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತೆಂದು ಅಲ್ಲಿದ್ದವರು ಗೊಣಗಿದರು. ಆಗಿನ ಕೂಲಿಯಾಳಿನ ಒಂದು ದಿನದ ಸಂಬಳ ಒಂದು ದಿನಾರಿ. ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ಕೂಲಿ ಕ್ಷಣದಲ್ಲಿ ನೆಲಕ್ಕೆ ಇಳಿದುಹೋಯಿತು. ಸ್ವಾಮಿ ಆಕೆಯನ್ನು ತಡೆಯಲಿಲ್ಲ, ಅದನ್ನು ತಮ್ಮ ಸಮಾಧಿಯ ಸಿದ್ಧತೆಯೆಂದು ಸ್ವೀಕರಿಸಿದರು. ಬಡವರ ಪರವಾಗಿ ಜೋರಾಗಿ ಮಾತಾಡಿದವನು ಹಣದ ಚೀಲದಿಂದ ಕದಿಯುತ್ತಿದ್ದ ಯೂದನೆಂದು ಸಂತ ಯೊವಾನ್ನರು ಬರೆದಿದ್ದಾರೆ. ನಮ್ಮ ಸಭೆಗಳಲ್ಲಿ ಮಾತಾಡುವವರೆಲ್ಲ ಯೂದರಲ್ಲ, ದೇವರಾಣೆ! ಆದರೂ ಒಂದು ಮಾತು ಕೇಳಬೇಕು. ಸುಡುಮದ್ದು ಕೈಬಿಟ್ಟ ಎಷ್ಟು ಕಡೆ ಆ ಹಣ ನಿಜಕ್ಕೂ ಬಡವರ ಮಾಡಿಗೆ ಹೋಗಿದೆ? ಇನ್ನಷ್ಟು ದೊಡ್ಡ ವೇದಿಕೆಗೆ, ಇನ್ನಷ್ಟು ದೀಪದ ಸರಕ್ಕೆ ಹೋಗಿಲ್ಲವೇ? ಬಡವರನ್ನು ನಾವು ಸಭೆಗೆ ಕರೆಯುವುದಿಲ್ಲ, ಅವರ ಹೆಸರನ್ನು ಮಾತ್ರ ಕರೆಯುತ್ತೇವೆ.

ಸುಡುಮದ್ದಿನ ಪರವಾಗಿ ಇನ್ನೊಂದು ಮಾತಿದೆ. ಅದಕ್ಕೆ ಬೇಲಿ ಹಾಕಲು ಬರುವುದಿಲ್ಲ. ತ್ಸುಚಿಯುರಾದಲ್ಲಿ ಹಣ ಕೊಟ್ಟು ಕೂರುವ ಜಾಗಗಳಿವೆ, ನಿಜ. ಆದರೆ ದೂರದ ಗದ್ದೆಯ ಅಂಚಿನಲ್ಲಿ ನಿಂತವನಿಗೂ ಅದೇ ಹೂವು ಅರಳುತ್ತದೆ. 2020ರಲ್ಲಿ, ಕೊರೊನಾದಿಂದ ಎಲ್ಲ ಹಬ್ಬಗಳೂ ನಿಂತು ಕೆಲಸವಿಲ್ಲದೆ ಕುಳಿತಿದ್ದ ಜಪಾನಿನ ಸುಡುಮದ್ದು ತಯಾರಕರು ಜೂನ್ 1ರ ರಾತ್ರಿ 8 ಗಂಟೆಗೆ ದೇಶದ ಎಲ್ಲ ಭಾಗಗಳಲ್ಲೂ ಒಟ್ಟಿಗೆ ಸುಡುಮದ್ದು ಹಾರಿಸಿದರು, ಐದು ನಿಮಿಷ ಮಾತ್ರ. ಜನ ಗುಂಪುಗೂಡಬಾರದೆಂದು ಜಾಗವನ್ನು ಮೊದಲೇ ತಿಳಿಸಿರಲಿಲ್ಲ. ಮನೆಯ ಕಿಟಕಿ ತೆರೆದವರಿಗೆ ಕಂಡಿತು. ಅದಕ್ಕೆ ಟಿಕೆಟ್ ಇರಲಿಲ್ಲ.

ಹಾಗಾದರೆ ಹಬ್ಬಕ್ಕೆ ಸುಡುಮದ್ದು ಸುಡಿ ಎನ್ನುತ್ತಿದ್ದೇನೆಯೇ? ನಿಲ್ಲಿ. ಬೆಥಾನಿಯ ಸ್ತ್ರೀ ಸುರಿದದ್ದು ತನ್ನ ತೈಲವನ್ನು. ಅಕಿಮೊತೊ ಗುರುಗಳು ಸುಟ್ಟದ್ದು ತಮ್ಮ ಹಣವನ್ನು. ನಾವು ಸುಡುವುದು ಯಾರದನ್ನು?

ಹಣದ ಮಾತು ಮಾತ್ರ ಆಡುತ್ತಿಲ್ಲ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಬಳಿಯ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದಾಗ ಆ ದಿನವೇ 14 ಮಂದಿ ಸತ್ತರು. ಹೆಚ್ಚಿನವರು ದೀಪಾವಳಿಯ ವ್ಯಾಪಾರದ ಸಮಯಕ್ಕೆಂದು ತಮಿಳುನಾಡಿನಿಂದ ದಿನಗೂಲಿಗೆ ಬಂದ ಯುವಕರು, ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹತ್ತಿರದ ಕುಕ್ಕೇಡಿಯಲ್ಲಿ ಸುಡುಮದ್ದು ತಯಾರಿಸುವ ಜಾಗ ಸ್ಫೋಟಗೊಂಡು ಮೂವರು ಕೆಲಸಗಾರರು ಛಿದ್ರವಾದರು. ದುಡಿಯಲು ಬೇರೆ ಊರುಗಳಿಂದ ಬಂದವರು ಅವರು. ಅದೇ ವರ್ಷ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನೋಡಲು ನೆರೆದವರ ಪಕ್ಕದಲ್ಲೇ ಇಟ್ಟಿದ್ದ ಸುಡುಮದ್ದಿನ ರಾಶಿಗೆ ಕಿಡಿ ಹಾರಿತು. 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಮುಂದಿನ ದಿನಗಳಲ್ಲಿ ತೀರಿಕೊಂಡರು. ಕೊಲ್ಲಂ ಬಳಿಯ ಪುಟ್ಟಿಂಗಲ್‌ನಲ್ಲಿ 2016ರ ಏಪ್ರಿಲ್ 10ರಂದು ಸತ್ತವರು ನೂರಕ್ಕಿಂತ ಹೆಚ್ಚು. ಅದು ದೇವಸ್ಥಾನದ ವಿಷಯ, ನಮಗೇಕೆ ಎನ್ನಬೇಡಿ. ಆ ದುರಂತದ ಬಳಿಕ ಸಿರೊ ಮಲಬಾರ್ ಸಭೆಯ ಅಂದಿನ ಮುಖ್ಯಸ್ಥರಾದ ಕಾರ್ಡಿನಲ್ ಜಾರ್ಜ್ ಆಲಂಚೇರಿಯವರು ತಮ್ಮ ಇಗರ್ಜಿಗಳ ಹಬ್ಬಗಳಲ್ಲಿ ಸುಡುಮದ್ದು ಬೇಡವೆಂದರು. ಅಂದರೆ ಅಲ್ಲಿಯೂ ಇತ್ತು, ನಮ್ಮಲ್ಲಿಯೂ ಇದೆ.

ಪ್ರಶ್ನೆ ಬದಲಾದುದನ್ನು ಗಮನಿಸಿದಿರಾ? ಎಷ್ಟು ಖರ್ಚಾಯಿತು ಎಂಬಲ್ಲಿಂದ, ಯಾರ ಮೈಮೇಲೆ ಖರ್ಚಾಯಿತು ಎಂಬಲ್ಲಿಗೆ ಬಂದೆವು. ದೇವರಿಗೆ, ಸತ್ತವರಿಗೆ, ಊರಿನ ಮಕ್ಕಳಿಗೆ ನಾನು ನನ್ನದನ್ನು ಕೊಟ್ಟರೆ ಅದು ಎಷ್ಟು ದೊಡ್ಡದಾದರೂ ದುಂದು ಎಂದು ನನಗೆ ಅನ್ನಿಸುವುದಿಲ್ಲ. ಗುರುತು ಪರಿಚಯವಿಲ್ಲದ ಒಬ್ಬ ಕೂಲಿ ಹುಡುಗನ ಕೈ, ಕಣ್ಣು, ಉಸಿರನ್ನು ನಾನು ಕೊಟ್ಟರೆ, ಅದು ಹತ್ತು ರೂಪಾಯಿಯ ಮಾಲೆ ಪಟಾಕಿಯಾದರೂ ಅರ್ಪಣೆಯಾಗದು. ನನ್ನದಲ್ಲದ್ದನ್ನು ಅರ್ಪಿಸುವ ಹಕ್ಕು ನನಗೆಲ್ಲಿದೆ? ಇಗರ್ಜಿಯ ಮಗ್ಗುಲಲ್ಲೇ ಹಾಸಿಗೆ ಹಿಡಿದ ಅಜ್ಜಿ, ತಿಂಗಳ ಕೂಸು, ಎದೆನೋವಿನ ರೋಗಿ ಇರುತ್ತಾರೆ. ಗರ್ನಾಲು ಸಿಡಿಸುವ ಮುಂಚೆ ನಾವು ಅವರ ಒಪ್ಪಿಗೆ ಕೇಳಿದ್ದುಂಟೇ?

ತ್ಸುಚಿಯುರಾದವರಿಗೂ ಅವಘಡಗಳು ಬಂದಿವೆ. 2018ರಲ್ಲಿ ಗಾಳಿಗೆ ಕಿಡಿಗಳು ಜನರ ಮೇಲೆ ಬಿದ್ದು ಸುಮಾರು ಹತ್ತು ಮಂದಿಗೆ ಗಾಯವಾಯಿತು, ಮಧ್ಯದಲ್ಲೇ ನಿಲ್ಲಿಸಿದರು. 2019ರಲ್ಲೂ ಒಂದು ಅವಘಡವಾಗಿ ಮಧ್ಯದಲ್ಲೇ ನಿಲ್ಲಿಸಿದರು. 2020 ಮತ್ತು 2021ರಲ್ಲಿ ಕೊರೊನಾ. 2024ರಲ್ಲಿ ಹಬ್ಬ ನವೆಂಬರ್ 2ಕ್ಕೇ ಬಂದಿತ್ತು, ನಮ್ಮ ಮೃತರ ಸ್ಮರಣೆಯ ದಿನವೇ. ಹವೆ ಕೆಟ್ಟಿತು. ಮರುದಿನಕ್ಕೆ ಮುಂದೂಡೋಣವೆಂದರೆ ಜನಸಂದಣಿ ಕಾಯುವ ಕಾವಲಿನವರು ಬೇಕಾದಷ್ಟು ಸಿಗಲಿಲ್ಲ. ಮದ್ದು ಇತ್ತು, ಜನ ಬರುವವರಿದ್ದರು, ವರ್ಷವಿಡೀ ದುಡಿದ ತಯಾರಕರಿದ್ದರು. ಆದರೂ ಆ ವರ್ಷದ ಹಬ್ಬವನ್ನೇ ಬಿಟ್ಟರು. ಯಾಕೆಂದರೆ ಕಾವಲಿಲ್ಲದಿದ್ದರೆ ಏನಾಗುತ್ತದೆಂದು ಆ ದೇಶಕ್ಕೆ ಗೊತ್ತು. 2001ರ ಜುಲೈ 21ರಂದು ಆಕಾಶಿ ಎಂಬ ಊರಿನಲ್ಲಿ ಸುಡುಮದ್ದು ನೋಡಿ ಮರಳುವ ಜನ ಒಂದು ಕಾಲುಸೇತುವೆಯ ಮೇಲೆ ಒತ್ತರಿಸಿ 11 ಮಂದಿ ಸತ್ತರು. ಅವರಲ್ಲಿ 9 ಮಕ್ಕಳು. ಸತ್ತವರನ್ನು ನೆನೆಯುವ ಹಬ್ಬ ಹೊಸ ಸಾವುಗಳನ್ನು ತರಬಾರದೆಂದು, ಹಬ್ಬವನ್ನೇ ಬಿಡುವ ಮನಸ್ಸು ಅವರಿಗೆ ಬಂತು. ನಮ್ಮಲ್ಲಿ ಎಷ್ಟು ಸಮಿತಿಗಳಿಗೆ ಬಂದೀತು?

ಹಿಂದೆ ನಮ್ಮ ಕರಾವಳಿಯಲ್ಲಿ ಸುಡುಮದ್ದಿಗೂ ಒಂದು ಮುಖವಿತ್ತು. ಉಡುಪಿಯ ಕಡೆ ಗರ್ನಾಲು ಸಾಯ್ಬರು ಎಂಬ ಹೆಸರೇ ಇತ್ತು. ಮುಸ್ಲಿಂ ಮನೆಯವರು ಕಟ್ಟಿಕೊಟ್ಟ ಗರ್ನಾಲು ದೇವಸ್ಥಾನದ ಉತ್ಸವದಲ್ಲಿ ಸಿಡಿಯುತ್ತಿತ್ತು, ಜಾತಿ ಧರ್ಮದ ಮಾತು ಅಲ್ಲಿ ಯಾರಿಗೂ ಅಡ್ಡಬರಲಿಲ್ಲ. ಕಟ್ಟಿದವರೇ ಬಂದು ಹಚ್ಚುತ್ತಿದ್ದರು. ಅವರ ಕೈಗೆ ಸುಟ್ಟ ಗಾಯವಾದರೆ ಊರಿಗೆ ತಿಳಿಯುತ್ತಿತ್ತು. ಈಗ ಪೆಟ್ಟಿಗೆ ಬರುತ್ತದೆ. ಪೆಟ್ಟಿಗೆಯ ಮೇಲೆ ಹುಲಿಯದೋ ಸಿನೆಮಾ ನಟಿಯದೋ ಚಿತ್ರವಿರುತ್ತದೆ.

ಆದ್ದರಿಂದ ನಿಮ್ಮ ಊರಿನ ಹಬ್ಬಕ್ಕೆ ಸುಡುಮದ್ದು ಬೇಕೇ ಬೇಡವೇ ಎಂದು ನಾನು ಇಲ್ಲಿ ಕುಳಿತು ತೀರ್ಪು ಕೊಡುವುದಿಲ್ಲ. ಪರವಾನಗಿ ಇದೆಯೇ, ಹಚ್ಚುವವನಿಗೆ ಕೆಲಸ ಗೊತ್ತಿದೆಯೇ, ಮದ್ದಿನ ರಾಶಿ ಜನರಿಂದ ಎಷ್ಟು ದೂರ ಎಂಬುದನ್ನು ವಿಚಾರಿಸುವುದು ಪಾಲನಾ ಮಂಡಳಿಯ ಕೆಲಸ. ಅದರಲ್ಲಿ ರಿಯಾಯಿತಿ ಬೇಡ. ಒಂದು ಸಲಹೆ ಮಾತ್ರ ಇದೆ. ತ್ಸುಚಿಯುರಾದಲ್ಲಿ ಗುಂಡು ಹಾರಿಸುವ ಮುಂಚೆ ಅದನ್ನು ಕಟ್ಟಿದವರ ಹೆಸರು ಓದುತ್ತಾರೆ ಎಂದೆನಲ್ಲ. ನಮ್ಮ ಹಬ್ಬದ ಮೈಕಿನಲ್ಲಿ ನಾವು ಓದುವುದು ದುಡ್ಡು ಕೊಟ್ಟ ದಾನಿಗಳ ಹೆಸರು. ಈ ಸಲ ಪಟ್ಟಿಯಲ್ಲಿ ಆ ಸಾಲು ಬಂದಾಗ ನೀವೇ ಎದ್ದು ನಿಂತು, ಇದನ್ನು ಕಟ್ಟಿದವರು ಯಾರು, ಅವರ ವಯಸ್ಸೆಷ್ಟು, ಅವರಿಗೆ ಕೂಲಿ ಎಷ್ಟು ಸಿಕ್ಕಿತು ಎಂದು ಗುರಿಕಾರರನ್ನು ಕೇಳಿ. ಅವರು ಅಂಗಡಿಯವರನ್ನು ಕೇಳಲಿ. ಅಂಗಡಿಯವರಿಗೂ ಗೊತ್ತಿಲ್ಲವಾದರೆ, ಈ ವರ್ಷ ಮೆರವಣಿಗೆಯ ಹಾದಿಯಲ್ಲಿ ಮೇಣದ ಬತ್ತಿ ಹಚ್ಚಿಡೋಣ ಎನ್ನಿ.